ಮೆಣಸಿನಕಾಯಿಯ ಮೇಲೆ ಹಾಕಿದ ದೂರು

ನನಗೆ ದಮ್ಮು ಇದೆ. ಈಗಲೂ ಇದೆ. ಕೈಚೀಲದಲ್ಲಿ ಕುಂಕುಮದ ಭರಣಿ, ಬಸ್ಸಿನ ಚಿಲ್ಲರೆ, ಮನೆಯ ಬೀಗದಕೈ ಇವುಗಳ ಜೊತೆಗೆ ಉಸಿರು ಕಟ್ಟಿದಾಗ ಬಾಯಿಗೆ ಹಿಡಿಯುವ ನೀಲಿ ಬಣ್ಣದ ಪಂಪೊಂದು ಸದಾ ಇರುತ್ತದೆ. ಈಗ ಅದರ ಗರಜು ಬೀಳುವುದು ಅಪರೂಪ. ಒಂದು ಕಾಲಕ್ಕೆ ಅದಿಲ್ಲದೆ ಹಿತ್ತಿಲಿಗೆ ಹೋಗಲೂ ಅಂಜುತ್ತಿದ್ದೆ. ಎದೆ ಹಿಡಿದುಕೊಂಡು ದವಾಖಾನೆಯ ಬಾಕಿನ ಮೇಲೆ ಕೂತಿದ್ದ ಆ ವರ್ಷಗಳಲ್ಲಿ, ಪಕ್ಕದಲ್ಲಿ ಕೂತವಳಿಗೂ ನನ್ನದೇ ಬೇನೆ ಇರಬಹುದೆಂದು ಒಮ್ಮೆಯೂ ಹೊಳೆಯಲಿಲ್ಲ. ಹೊಳೆದಿದ್ದರೆ ಇಬ್ಬರಿಗೂ ಒಂದಿಷ್ಟು ಹಗುರಾಗುತ್ತಿತ್ತೇನೋ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಗಳಗನಾಥದ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಬ್ಯಾಡಗಿಗೆ ಬಂದೆ. ನಮ್ಮವರು ದಲಾಲಿ ಅಂಗಡಿಯೊಂದರಲ್ಲಿ ಮಾಲು ನೋಡುವ ಕೆಲಸಕ್ಕಿದ್ದರು. ಚೀಲದೊಳಗೆ ಕೈಹಾಕಿ ಒಂದು ಮೆಣಸಿನಕಾಯಿ ಎತ್ತಿ, ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ಒಯ್ದು, ಇದು ಯಾವ ಕಡೆಯ ಕಾಯಿ, ಎಷ್ಟು ಬಿಸಿಲು ಕಂಡಿದೆ ಎಂದು ಹೇಳುತ್ತಿದ್ದರು. ಸುಕ್ಕುಸುಕ್ಕಾದ ಕಾಯಿ ಅವರ ಬೆರಳಲ್ಲಿ ಮುರಿಯುತ್ತಿರಲಿಲ್ಲ. ಅಷ್ಟು ಮೆತ್ತಗೆ ಹಿಡಿಯುತ್ತಿದ್ದರು. ಪೇಟೆಯಲ್ಲಿ ಅವರು ದನಿ ಎತ್ತರಿಸಿದ್ದನ್ನು ಕೇಳಿದವರಿಲ್ಲ. ಮದುವೆಯಾದ ಹೊಸದರಲ್ಲಿ, ಆ ದಿನ ಬಂದ ಮಾಲಿನಲ್ಲಿ ಎಲ್ಲಕ್ಕಿಂತ ಚೆಂದದ ಒಂದು ಕಾಯಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದರು. ‘ನೋಡು ಗಂಗಾ, ಇದರ ಬಣ್ಣ ನೋಡು’ ಎಂದು ನನ್ನ ಅಂಗೈ ಮೇಲೆ ಇಡುತ್ತಿದ್ದರು. ಅದನ್ನು ಒಗ್ಗರಣೆಗೆ ಹಾಕಲು ಮನಸ್ಸಾಗದೆ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದೆ.

ಮೊದಲ ಏಟು ಬಿದ್ದದ್ದು ಬಾಗಿಲು ತೆಗೆಯಲು ತಡವಾಯಿತೆಂದು. ನಾನು ತಲೆ ತೊಳೆದುಕೊಳ್ಳುತ್ತಿದ್ದೆ. ಒದ್ದೆ ಕೂದಲಲ್ಲೇ ಓಡಿಬಂದು ಅಗಳಿ ತೆಗೆದೆ. ಏಟಿನ ಸಪ್ಪಳಕ್ಕೆ ಅತ್ತೆ ಒಳಗಿನಿಂದ ಬಂದರು. ಅರಿಷಿಣ ಬಿಸಿಮಾಡಿ ನನ್ನ ಕೆನ್ನೆಗೆ ಹಚ್ಚಿದರು. ಆಮೇಲೆ, ಸೀಜನ್ನಿನಲ್ಲಿ ಗಂಡಸರ ತಲೆ ಬಿಸಿ ಇರುತ್ತದೆ, ಯುಗಾದಿ ಕಳೆದರೆ ತಣ್ಣಗಾಗುತ್ತದೆ ಎಂದರು. ಯುಗಾದಿ ಕಳೆಯಿತು. ಆ ವರ್ಷ ಯುಗಾದಿ ಆದಮೇಲೆ ಮಳೆಗಾಲವೂ ಕಳೆಯಿತು.

ದಮ್ಮು ಯಾವಾಗ ಶುರುವಾಯಿತೆಂದು ನಿಖರವಾಗಿ ಹೇಳಲಾರೆ. ಮಗಳು ವಿದ್ಯಾ ಹುಟ್ಟಿ, ತವರಿನಿಂದ ತೊಟ್ಟಿಲು ತಗೊಂಡು ಬಂದ ವರ್ಷದಲ್ಲಿ ಇರಬೇಕು. ಸಂಜೆ ಅವರ ಚಪ್ಪಲಿಯ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿದೊಡನೆ ಎದೆಯ ಮೇಲೆ ಯಾರೋ ಒಳ್ಳುಕಲ್ಲು ಇಟ್ಟಂತಾಗುತ್ತಿತ್ತು. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಸಿಳ್ಳಿನಂಥ ಸಪ್ಪಳ ಮಾತ್ರ ಬರುತ್ತಿತ್ತು. ಕೂಸು ಅದನ್ನು ಹಾಡೆಂದು ತಿಳಿದು ನಗುತ್ತಿತ್ತು.

ಬ್ಯಾಡಗಿಯಲ್ಲಿ ಇದಕ್ಕೆ ಕಾರಣ ಹುಡುಕಲು ಯಾರೂ ದೂರ ಹೋಗಬೇಕಾಗಿಲ್ಲ. ಸೀಜನ್ನಿನಲ್ಲಿ ಊರಿಗೆ ಊರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತದೆ. ರೈಲು ಸ್ಟೇಷನ್ನಿನಲ್ಲಿ ನಿಂತ ಕೂಡಲೇ ಒಳಗಿದ್ದವರು ಸೀನತೊಡಗುತ್ತಾರೆ. ಎಲ್ಲರ ಕಣ್ಣೂ ಕೆಂಪು, ಎಲ್ಲರ ಕಣ್ಣಲ್ಲೂ ನೀರು. ನಾನು ಊದಿದ ಕಣ್ಣಿನಲ್ಲಿ ನಳದ ಹತ್ತಿರ ಕೊಡ ಹಿಡಿದು ನಿಂತರೆ, ಘಾಟು ಭಾಳ ಐತಿ ಈ ಸಲ ಎಂದು ತಾವೇ ಹೇಳಿ ತಾವೇ ಮುಗಿಸುತ್ತಿದ್ದರು. ಆ ಊರಲ್ಲಿ ಅಳುವ ಹೆಂಗಸು ಕಣ್ಣಿಗೆ ಬೀಳುವುದಿಲ್ಲ. ಘಾಟು ಹತ್ತಿದ ಹೆಂಗಸು ಬೀಳುತ್ತಾಳೆ.

ನಮ್ಮೂರಿನ ಡಾಕ್ಟರು ಒಳ್ಳೆಯವರು. ಅವರ ದವಾಖಾನೆಯ ಪಡಸಾಲೆಯಲ್ಲಿ ಹಮಾಲರು, ತೊಟ್ಟು ಬಿಡಿಸುವ ಹೆಂಗಸರು, ಅಂಗಡಿಯ ಗುಮಾಸ್ತರು ಎಲ್ಲರೂ ಒಟ್ಟಿಗೆ ಕೆಮ್ಮುತ್ತ ಕೂತಿರುತ್ತಿದ್ದರು. ಒಬ್ಬರ ಕೆಮ್ಮು ನಿಂತರೆ ಇನ್ನೊಬ್ಬರದು ಶುರು. ಒಮ್ಮೆ ತೊಟ್ಟು ಬಿಡಿಸುವ ಮುದುಕಿಯೊಬ್ಬಳು ನನ್ನ ಪಕ್ಕಕ್ಕೆ ಸರಿದು ಕೂತು, ‘ನಮ್ಮ ಡಾಕ್ಟರ್‌ಗೆ ಏನು ತ್ರಾಸ ಬಿಡವಾ, ಯಾರು ಬಂದ್ರೂ ಘಾಟು ಅಂದ್ರ ಮುಗೀತು. ಹೊಟ್ಟಿಲೆ ಇದ್ದಾಕಿ ಬಂದ್ರೂ ಘಾಟು ಅಂತಾನ’ ಎಂದಳು. ಬಾಕಿನ ತುಂಬ ನಗು ಎದ್ದಿತು. ನಾನೂ ನಕ್ಕೆ. ನಗುವಾಗ ಪಕ್ಕೆಲುಬು ನೋಯಿತು.

ಒಳಗೆ ಹೋದರೆ ನಾನು ಮಾತಾಡುವ ಪ್ರಶ್ನೆಯೇ ಇರಲಿಲ್ಲ. ನಮ್ಮವರೇ ಎಲ್ಲ ಹೇಳುತ್ತಿದ್ದರು. ಎಷ್ಟು ಹೊತ್ತಿಗೆ ಉಸಿರು ಕಟ್ಟುತ್ತದೆ, ಏನು ಉಂಡಿದ್ದಳು, ಯಾವ ಮಗ್ಗುಲಿಗೆ ಮಲಗಿದರೆ ಕಡಿಮೆಯಾಗುತ್ತದೆ, ಒಂದನ್ನೂ ಬಿಡದೆ ಹೇಳುತ್ತಿದ್ದರು. ಡಾಕ್ಟರು ನನ್ನ ಕಡೆ ತಿರುಗಿ, ಇಂಥ ಕಾಳಜಿಯ ಗಂಡ ಸಿಗುವುದು ಪುಣ್ಯ ಎಂದಿದ್ದರು. ಅದು ಸುಳ್ಳೂ ಅಲ್ಲ. ದಮ್ಮು ಎದ್ದಾಗ ನಮ್ಮವರು ಬೇರೆಯೇ ಮನುಷ್ಯರಾಗುತ್ತಿದ್ದರು. ಬಿಸಿನೀರು ಕಾಸುತ್ತಿದ್ದರು. ಹಿಂದೆ ಕೂತು ಬೆನ್ನು ತಿಕ್ಕುತ್ತಿದ್ದರು, ಅದೇ ಬೆರಳುಗಳಿಂದ, ಮೆಣಸಿನಕಾಯಿ ಹಿಡಿದಷ್ಟೇ ಮೆತ್ತಗೆ. ‘ಸಾವಕಾಶ ಬಿಡು ಉಸಿರ, ನಾ ಅದೀನಿ’ ಎನ್ನುತ್ತಿದ್ದರು. ನಾನು ಅವರ ಎದೆಗೆ ಒರಗಿ, ಇವತ್ತು ಉಸಿರು ಇಷ್ಟು ಲಗೂ ಸರಿಯಾಗದಿರಲಿ ಎಂದುಕೊಂಡ ದಿನಗಳಿವೆ. ಇದನ್ನು ಬರೆಯಲೋ ಬೇಡವೋ ಎಂದು ಭಾಳ ಯೋಚಿಸಿದೆ. ಆದರೆ ಇದನ್ನು ಬಿಟ್ಟರೆ, ಏಟು ತಿಂದ ಮೇಲೂ ಯಾಕೆ ಅಲ್ಲೇ ಇದ್ದಿ ಎಂದು ಕೇಳುವವರಿಗೆ ನನ್ನ ಹತ್ತಿರ ಬೇರೆ ಉತ್ತರವಿಲ್ಲ.

ಒಂದು ಸೀಜನ್ನಿನಲ್ಲಿ ಉಗುರು ನೀಲಿಯಾಗುವಷ್ಟು ಹೆಚ್ಚಾಯಿತು. ಡಾಕ್ಟರು ಸೂಜಿ ಚುಚ್ಚಿ, ಪಂಪು ಬರೆದುಕೊಟ್ಟು, ಪೇಟೆ ತಣ್ಣಗಾಗುವ ತನಕ ಇವಳನ್ನು ಘಾಟಿನಿಂದ ದೂರ ಇಡಿ, ತವರಿಗೆ ಕಳಿಸಿ ಎಂದರು. ನಮ್ಮವರು ಮರುದಿನವೇ ನನ್ನನ್ನೂ ವಿದ್ಯಾಳನ್ನೂ ಕರೆದುಕೊಂಡು ಹೋಗಿ ಅವ್ವನ ಮನೆಯಲ್ಲಿ ಬಿಟ್ಟರು. ಅವ್ವನಿಗೆ ಪಂಪು ಹಿಡಿಯುವುದು ಹೇಗೆಂದು ತೋರಿಸಿಕೊಟ್ಟು ಸಂಜೆಯ ಬಸ್ಸಿಗೆ ಹೋದರು. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ಮನೆಯಲ್ಲಿ ಅವ್ವ, ಹೊಲ ನೋಡಿಕೊಳ್ಳುವ ಅಣ್ಣ ಇಬ್ಬರೇ.

ತವರಿನಲ್ಲಿ ಉಸಿರು ತಾನೇ ದಾರಿಗೆ ಬಂತು. ರೊಟ್ಟಿ ಬಡಿದೆ, ಹೊಳೆಗೆ ಹೋಗಿ ಅರಿವೆ ಒಗೆದೆ, ಬುಟ್ಟಿ ಹೊತ್ತು ದಿಬ್ಬ ಏರಿ ಬಂದೆ. ಪಂಪು ದೇವರ ಗೂಡಿನಲ್ಲಿ ಧೂಳು ತಿನ್ನುತ್ತ ಕೂತಿತ್ತು. ಅವ್ವ ಬಂದವರಿಗೆಲ್ಲ, ಬ್ಯಾಡಗಿ ಘಾಟು ನನ್ನ ಮಗಳಿಗೆ ಒಗ್ಗಲಿಲ್ಲ, ಇಲ್ಲಿ ಹೆಂಗ ಅರಳ್ಯಾಳ ನೋಡ್ರಿ ಎಂದು ಹೇಳುತ್ತಿದ್ದಳು. ಬಂದವರೂ ಹೌದೌದು ಎನ್ನುತ್ತಿದ್ದರು. ನಾನೂ ಹೌದೆಂದುಕೊಂಡೆ. ಅಷ್ಟು ಮಂದಿ ಹೌದೆಂದೆವಲ್ಲ, ನಾವೆಲ್ಲ ಎಲ್ಲಿ ಕೂತಿದ್ದೆವು, ಏನನ್ನು ನೋಡುತ್ತಿದ್ದೆವು ಎಂದು ಈಗ ಆಶ್ಚರ್ಯವಾಗುತ್ತದೆ.

ಎದೆ ತೋರಿಸಿಕೊಂಡು ಬರಲು ಬ್ಯಾಡಗಿಯ ಡಾಕ್ಟರು ರಾಣೇಬೆನ್ನೂರಿನ ಡಾಕ್ಟರಮ್ಮನ ಹೆಸರು ಬರೆದುಕೊಟ್ಟಿದ್ದರು. ನಮ್ಮವರು ಪೇಟೆ ಬಿಟ್ಟು ಬರುವಂತಿರಲಿಲ್ಲ. ಅವ್ವ ನನ್ನ ಜೊತೆ ಹೊರಟಳು. ದೊಡ್ಡ ದವಾಖಾನೆಗೆ ಬರಿಗೈಯಲ್ಲಿ ಹೋಗಬಾರದೆಂಬುದು ಅವಳ ಕಟ್ಟಳೆ. ಏನೋ ಒಂದು ಕೈಚೀಲ ತುಂಬಿ ಸೆರಗಿನ ಕೆಳಗೆ ಹಿಡಿದುಕೊಂಡಳು. ಗುತ್ತಲದಲ್ಲಿ ಬಸ್ಸು ಬದಲಿಸಿ, ರಾಣೇಬೆನ್ನೂರು ಮುಟ್ಟುವ ಹೊತ್ತಿಗೆ ದವಾಖಾನೆಯ ಮೆಟ್ಟಿಲ ತನಕ ಸರತಿ ಬಂದಿತ್ತು. ಗೋಡೆಗೆ ಒರಗಿ ಕೂತೆವು. ಅವ್ವ ಚೀಟಿ ಬರೆಯುವ ಹುಡುಗಿಯ ಹತ್ತಿರ ಹೋಗಿ ಅವಳ ತವರು, ಗಂಡನ ಮನೆ, ಮಕ್ಕಳು ಎಲ್ಲ ವಿಚಾರಿಸಿಕೊಂಡು ಬಂದಳು. ಅದರಿಂದ ನಮ್ಮ ಪಾಳಿ ಮುಂದೆ ಬರಲಿಲ್ಲ, ಕುಡಿಯಲು ತಣ್ಣೀರು ಮಾತ್ರ ಸಿಕ್ಕಿತು.

ಡಾಕ್ಟರಮ್ಮ ನನ್ನ ಕೈಗೆ ಒಂದು ಕೊಳವೆ ಕೊಟ್ಟು ಊದಲು ಹೇಳಿದರು. ಊದಿದೆ. ಮತ್ತೊಮ್ಮೆ ಊದಿಸಿದರು. ಮುಳ್ಳು ನಿಂತ ಜಾಗ ನೋಡಿ, ಚಲೋ ಐತಲ್ಲ ಎಂದರು. ಅವ್ವ ಇದೇ ಸಮಯವೆಂದು ಸೆರಗಿನ ಕೆಳಗಿನ ಚೀಲ ತೆಗೆದು ಮೇಜಿನ ಮೇಲೆ ಇಟ್ಟಳು. ಬಾಯಿ ಬಿಚ್ಚಿದಳು. ಡಾಕ್ಟರಮ್ಮನಿಗೆ ಸೀನು ಬಂತು. ಒಂದರ ಹಿಂದೆ ಒಂದು, ಕರವಸ್ತ್ರ ಸಿಗುವ ತನಕ ಸೀನಿದರು. ಚೀಲದ ತುಂಬ ಹೊಸ ಮೆಣಸಿನಕಾಯಿ.

‘ಇದೆಲ್ಲಿದವ್ವಾ?’

‘ನಮ್ಮ ಹೊಲದ್ದುರಿ. ಅಂಗಳದಾಗಿಂದ ಆರಿಸಿ ತಂದೇನಿ, ಒಂದೂ ಬಿಳೇಕಾಯಿ ಇಲ್ಲ ನೋಡ್ರಿ.’

‘ಅಂಗಳದಾಗ ಒಣಾಕ ಹಾಕೀರೇನು?’

‘ಅಂಗಳ ತುಂಬೇತ್ರಿ, ಮಾಳಿಗಿ ತುಂಬೇತಿ. ಕಾಲಿಡಾಕ ಜಾಗಾ ಇಲ್ಲ.’

‘ಮತ್ತ ನಿಮ್ಮ ಮಗಳು ಎಲ್ಲಿ ಮಲಗ್ತಾಳ?’

‘ಒಳಗ ಸೆಕಿ ಅಂತ ಹೇಳಿ ಅದರ ಬಾಜೂಕನ ಹಾಸ್ಕೊಂಡು ಮಲಗ್ತಾಳ್ರಿ, ತಾಯಿ ಮಗಳು ಇಬ್ಬರೂ.’

ಡಾಕ್ಟರಮ್ಮ ಮೂಗು ಒರೆಸಿಕೊಂಡು ನನ್ನನ್ನು ನೋಡಿದರು. ಚೀಲ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ನನಗೆ ಒಂದು ಸೀನೂ ಬಂದಿರಲಿಲ್ಲ.

‘ನಿಮಗ ದಮ್ಮು ಐತಿ, ಇಲ್ಲ ಅನ್ನೂದಿಲ್ಲ,’ ಎಂದರು. ‘ಆದರ ಅದು ಮೆಣಸಿನಕಾಯಿಗೆ ಏಳೂದಿಲ್ಲ. ಬ್ಯಾಡಗ್ಯಾಗ ಮತ್ತೇನೈತಿ?’

ನನ್ನ ಕಣ್ಣಲ್ಲಿ ನೀರು ಬಂತು. ಘಾಟು ಎನ್ನಲು ಬಾಯಿ ತೆರೆದೆ. ಆ ಚೀಲದ ಎದುರು ಕೂತು ಆ ಮಾತು ಹೊರಡಲಿಲ್ಲ. ಅವ್ವ ನನ್ನ ಮುಖ ನೋಡಿದಳು, ಚೀಲ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಡಾಕ್ಟರಮ್ಮ ಎದ್ದು, ಇನ್ನೊಬ್ಬರನ್ನು ಆಚೆ ಕೋಣೆಯಲ್ಲಿ ನೋಡಿ ಬರುತ್ತೇನೆ, ನೀವು ಇಲ್ಲೇ ಕುಂದ್ರಿ ಎಂದು ಬಾಗಿಲು ಎಳೆದುಕೊಂಡು ಹೋದರು. ಹೊರಗೆ ಸರತಿಯವರು ಗೊಣಗುವುದು ಕೇಳುತ್ತಿತ್ತು. ನಾನು ಅವ್ವನಿಗೆ ಏಟಿನ ಮಾತು ಹೇಳಿ ಮುಗಿಸುವಷ್ಟು ಅವರು ಬೇಕೆಂದೇ ತಡಮಾಡಿ ಬಂದರು. ಔಷಧಿ ಭಾಳ ಕೊಟ್ಟಿದ್ದಾರೆ ನನಗೆ ಡಾಕ್ಟರುಗಳು. ಮುಚ್ಚಿದ ಬಾಗಿಲು ಕೊಟ್ಟವರು ಅವರೊಬ್ಬರೇ.

ತಿರುಗಿ ಬರುವಾಗ ಅವ್ವ ಗುತ್ತಲದಲ್ಲಿ ಚಹಾ ಕುಡಿಸಿದಳು. ಖಾಲಿ ಕಪ್ಪು ಕೆಳಗಿಡುತ್ತ, ‘ಯಾವಾಗಿಂದ?’ ಎಂದಳು.

‘ವಿದ್ಯಾ ಹುಟ್ಟೂಕಿಂತ ಮೊದಲಿಂದ.’

ಅವಳು ತಲೆ ಅಲ್ಲಾಡಿಸಿದಳು. ಬಸ್ಸು ಬಂತು, ಹತ್ತಿದೆವು.

ನಮ್ಮ ಕಡೆ ತವರಿಗೆ ಬಂದ ಮಗಳು ತಾನಾಗಿ ಎದ್ದು ಹೋಗುವಂತಿಲ್ಲ. ಗಂಡನ ಮನೆಯವರು ಕರೆಯಲು ಬರಬೇಕು. ತಾಯಿ ಅವಳಿಗೆ ಉಡಿ ತುಂಬಬೇಕು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ ಎಲೆ, ಕುಬಸದ ಕಣ ಹಾಕಿ, ಕುಂಕುಮ ಹಚ್ಚಿದ ಮೇಲೆಯೇ ಹೊಸ್ತಿಲು ದಾಟುವುದು. ಬರಿ ಉಡಿಯಲ್ಲಿ ಕಳಿಸಿದರೆ ಮಗಳಿಗೂ ಕೇಡು, ಮನೆಗೂ ಕೇಡು ಎನ್ನುತ್ತಾರೆ. ಅದುವರೆಗೆ ಅವ್ವ ಪ್ರತಿಸಲವೂ ತುಂಬಿಯೇ ಕಳಿಸಿದ್ದಳು.

ಯುಗಾದಿಯ ಮುಂದೆ ನಮ್ಮವರು ಬಂದರು. ವಿದ್ಯಾಗೆ ಹೊಸ ಫ್ರಾಕು ತಂದಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅವರ ದನಿ ಕೇಳಿದೆ. ಪೇಟೆ ಹಗುರಾಗಿದೆ, ಘಾಟು ಇಳಿದಿದೆ, ಇನ್ನು ಕಳಿಸಿಕೊಡಿ ಎಂದು ಅಣ್ಣನಿಗೆ ಹೇಳುತ್ತಿದ್ದರು. ಎಷ್ಟು ಸೊರಗಿದ್ದರು. ಯಾರು ಅವರಿಗೆ ರೊಟ್ಟಿ ಬಡಿದು ಹಾಕಿದ್ದಾರು, ಅತ್ತೆಗೆ ಮೊಣಕಾಲು ನೋವು ಬೇರೆ ಎಂದು ನನ್ನ ಮನಸ್ಸು ಆಗಲೇ ಬ್ಯಾಡಗಿಗೆ ಹೋಗಿ ಒಲೆ ಹಚ್ಚಿತ್ತು. ಖರೇ ಹೇಳಬೇಕೆಂದರೆ, ಅವ್ವ ಉಡಿ ತುಂಬಲಿ ಎಂದು ನಾನು ಕಾಯುತ್ತಿದ್ದೆ. ಉಸಿರು ಆಗಲೇ ಸಿಳ್ಳು ಹಾಕುತ್ತಿತ್ತು. ಆದರೂ ಕಾಯುತ್ತಿದ್ದೆ.

ಅವ್ವ ಅಳಿಯನಿಗೆ ಮಣೆ ಹಾಕಿ, ಹೋಳಿಗೆ ಮಾಡಿ ಬಡಿಸಿದಳು. ಎಲ್ಲ ಮುಗಿದ ಮೇಲೆ, ಉಡಿಯ ಅಕ್ಕಿ ಇನ್ನೂ ಹಸನ ಮಾಡಿಲ್ಲ, ಹಬ್ಬ ಕಳೆದ ಮೇಲೆ ಬರ್ರಿ ಎಂದಳು. ಅವರು ಒಬ್ಬರೇ ತಿರುಗಿ ಹೋದರು. ಉಡಿ ಇಲ್ಲದೆ ಕಳಿಸಿ ಎಂದು ಯಾವ ಅಳಿಯ ತಾನೇ ಕೇಳುತ್ತಾನೆ? ಹಬ್ಬ ಕಳೆದ ಮೇಲೆ ಬಂದರು. ಅಕ್ಕಿಯಲ್ಲಿ ಹುಳ ಬಿದ್ದಿತ್ತು. ಮತ್ತೆ ಬಂದರು. ಕೊಬ್ಬರಿ ಒಡೆದು ನೋಡಿದರೆ ಕೆಟ್ಟಿತ್ತು. ಅಣ್ಣ ಅವಳ ಮೇಲೆ ರೇಗಿದ. ಮಂದಿ ಏನಂತಾರೆ, ಒಂದು ಸೇರು ಅಕ್ಕಿ ಹಸನ ಮಾಡಲು ಮೂರು ತಿಂಗಳೇ ಎಂದು ಕೇಳುತ್ತಾರೆ ಎಂದ. ಅವ್ವ ಮೊರ ತಂದು ಅವನ ಮುಂದೆ ಇಟ್ಟು, ನಿನಗೆ ಅವಸರವಿದ್ದರೆ ನೀನೇ ಆರಿಸು ಎಂದಳು. ಅವನು ಮೊರದ ಮುಂದೆ ಕೂತ. ಕೂತಾಗ ಅವಳು ಅವನಿಗೆ ಎಲ್ಲವನ್ನೂ ಹೇಳಿದಳು. ನಾನು ಹಿತ್ತಿಲಲ್ಲಿದ್ದೆ. ಒಳಗೆ ಬಂದಾಗ ಅಣ್ಣ ನನ್ನ ಮುಖ ನೋಡಲಾರದೆ ಒಂದೇ ಅಕ್ಕಿ ಕಾಳನ್ನು ಬೆರಳಲ್ಲಿ ಹೊರಳಿಸುತ್ತಿದ್ದ.

ಕಡೆಯ ಸಲ ನಮ್ಮವರು ಜೊತೆಗೆ ಹಿರಿಯರೊಬ್ಬರನ್ನು ಕರೆತಂದರು. ಹಿರಿಯರು ಕಟ್ಟೆಯ ಮೇಲೆ ಕೂತು, ತಂಗೀ, ಇದೇನು ಆಟ, ಲಕ್ಷಣವಾಗಿ ಉಡಿ ತುಂಬಿ ಕಳಿಸು ಎಂದರು. ಅವ್ವ ಹೊಸ್ತಿಲ ಒಳಗೆ ನಿಂತಿದ್ದಳು. ಅಳಿಯನ ಎದುರು ಅವಳು ಎಂದೂ ಸೆರಗು ಸರಿಸಿದವಳಲ್ಲ. ಅವತ್ತೂ ಸರಿಸಲಿಲ್ಲ.

‘ನಾ ಪ್ರತೀ ಸಲ ತುಂಬೇ ಕಳಿಸೇನ್ರಿ,’ ಎಂದಳು. ‘ಅವರು ಪ್ರತೀ ಸಲ ಖಾಲಿ ಮಾಡಿ ಕಳಿಸ್ಯಾರ. ಈ ಮನ್ಯಾಗ ಉಡಿ ಅಕ್ಕಿ ಮುಗದಾವ.’

ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಇಳಿದರು. ಆ ಸಪ್ಪಳ ಓಣಿ ದಾಟುವ ತನಕ ಕೇಳಿಸಿಕೊಂಡೆ.

ಈಗ ನಾನೂ ವಿದ್ಯಾಳೂ ರಾಣೇಬೆನ್ನೂರಿನಲ್ಲಿದ್ದೇವೆ. ಬೀಜದ ಅಂಗಡಿಯೊಂದರಲ್ಲಿ ಪಾಕೀಟು ಕಟ್ಟುವ ಕೆಲಸ. ಅಲ್ಲಿಯೂ ಧೂಳಿದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ, ಉಸಿರು ತಕರಾರು ಮಾಡುವುದಿಲ್ಲ. ಡಾಕ್ಟರಮ್ಮ ಹೇಳಿದ ಹಾಗೆ ದಿನವೂ ಔಷಧಿ ತಗೊಳ್ಳುತ್ತೇನೆ. ಚಳಿಗಾಲದಲ್ಲಿ ಹುಷಾರಾಗಿರುತ್ತೇನೆ. ಇಷ್ಟೇ ಹೇಳಿ ನಿಲ್ಲಿಸಿದರೆ ಚೆಂದದ ಕಥೆಯಾಗುತ್ತದೆ. ಆದರೆ ಇದನ್ನು ಓದುವವಳು ಬಾಕಿನ ಮೇಲೆ ನನ್ನ ಪಕ್ಕ ಕೂತವಳಾಗಿದ್ದರೆ, ಅವಳಿಗೆ ಇನ್ನೊಂದನ್ನೂ ಹೇಳಬೇಕು. ಗುಣವಾದ ಮೇಲೆ ನೆನಪು ಕಡಿಮೆಯಾಗುತ್ತದೆ ಎಂದು ಯಾರಾದರೂ ಅಂದರೆ ನಂಬಬೇಡ. ನನಗೆ ಬ್ಯಾಡಗಿ ನೆನಪಾಗುತ್ತದೆ. ಬೆಳಗಾಗುವ ಮುಂಚೆ ಚೀಲ ಹೊತ್ತ ಲಾರಿಗಳು ಬಂದು ನಿಲ್ಲುವುದು, ಊರಿಡೀ ಕೆಂಪಗಾಗುವುದು, ನಾನೇ ಸಾರಿಸಿ ಹೊಂದಿಸಿದ ಆ ಸಣ್ಣ ಅಡುಗೆಮನೆ. ನಳಕ್ಕೆ ನೀರು ಬಿಡುವ ಹೊತ್ತಿಗೆ ಇಲ್ಲಿಯೂ ಎಚ್ಚರವಾಗುತ್ತದೆ. ಎದ್ದು ಕೂತು, ಇದು ಆ ಊರಲ್ಲ ಎಂದು ಗೊತ್ತಾಗಲು ಒಂದು ಕ್ಷಣ ಹಿಡಿಯುತ್ತದೆ. ಸಂಜೆಯಾದರೆ ಕಿವಿ ತಾನಾಗಿ ಓಣಿಯ ಕಡೆ ತಿರುಗುತ್ತದೆ. ಎದೆಯ ಮೇಲೆ ಕಲ್ಲಿಟ್ಟ ಸಪ್ಪಳವನ್ನೇ ಕಿವಿ ಹುಡುಕುತ್ತದೆ. ಇದಕ್ಕೆ ನಾಚಿಕೆಪಡುವುದನ್ನು ಬಿಟ್ಟಿದ್ದೇನೆ.

ಅಣ್ಣನೇ ವಕೀಲರನ್ನು ಹುಡುಕಿ ವಿಚ್ಛೇದನದ ಅರ್ಜಿ ಹಾಕಿಸಿದ. ಹಾವೇರಿಯ ಕೋರ್ಟಿಗೆ ಹೋದೆವು, ಬಂದೆವು, ತಾರೀಖು ಮುಂದೆ ಬಿತ್ತು, ಮತ್ತೆ ಹೋದೆವು. ಅದೂ ದವಾಖಾನೆಯ ಹಾಗೆಯೇ. ಅದೇ ಬಾಕು, ಅದೇ ಕಾಯುವುದು, ಕೆಮ್ಮು ಮಾತ್ರ ಕಡಿಮೆ. ಒಂದು ತಾರೀಖಿನಂದು ಅಣ್ಣ ವಕೀಲರ ಜೊತೆ ಹೊರಗೆ ಹೋಗಿದ್ದ. ವರಾಂಡದಲ್ಲಿ ನಾನೊಬ್ಬಳೇ ಕೂತಿದ್ದೆ. ನಮ್ಮವರು ಬಂದು ಅದೇ ಬಾಕಿನ ಆ ತುದಿಗೆ ಕೂತರು. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಅಂಗಿಯ ಒಂದು ಗುಂಡಿ ಬೇರೆ ಬಣ್ಣದ್ದು. ಯಾರು ಹಚ್ಚಿಕೊಟ್ಟರೋ, ತಾವೇ ಹಚ್ಚಿಕೊಂಡರೋ.

ವಿದ್ಯಾ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ, ಓದುತ್ತಾಳೆ ಎಂದೆ. ಅವರು ನನ್ನ ಕೈಚೀಲದ ಕಡೆ ನೋಡಿದರು.

‘ದಮ್ಮು ಹೆಂಗೈತಿ?’

ಬೆನ್ನು ತಿಕ್ಕುವಾಗಿನ ದನಿ. ನಾನು ಬಾಗಿಲ ಹಿಂದೆ ನಿಂತು ಕಾದದ್ದು, ಹಾಸಿಗೆಯಲ್ಲಿ ಉಸಿರು ಕಟ್ಟಿ ಬೇಡಿದ್ದು ಆ ದನಿಯನ್ನೇ.

‘ಕಡಿಮಿ ಐತ್ರಿ.’

‘ಮನಿ ಭಣಭಣ ಅಂತೈತಿ ಗಂಗಾ. ಬಾ. ಹಿಂದಿಂದು ಹಿಂದ ಹೋತು.’

ಉಸಿರು ಕಟ್ಟಲಿ ಎಂದು ಕಾದೆ. ಕಟ್ಟಿದರೆ ಏಳಬಹುದು, ಪಂಪು ತೆಗೆಯಬಹುದು, ಆಗೂದಿಲ್ರಿ ಎಂದು ಎದೆ ತೋರಿಸಬಹುದು. ಇಷ್ಟು ವರ್ಷ ನನ್ನ ಪರವಾಗಿ ಮಾತಾಡಿದ್ದು ಅದೇ. ಅವತ್ತು ಅದು ಸಲೀಸಾಗಿ ಒಳಗೆ ಹೋಗಿ ಸಲೀಸಾಗಿ ಹೊರಗೆ ಬರುತ್ತಿತ್ತು. ಹೇಳುವುದನ್ನು ನಾನೇ ಹೇಳಬೇಕಾಗಿತ್ತು.

‘ನೆನಪಾಗ್ತೀರಿ,’ ಎಂದೆ. ‘ದಿನಾ ನೆನಪಾಗ್ತೀರಿ. ಆದರ ನಾ ಬರೂದಿಲ್ರಿ.’

ಅವರು ತಮ್ಮ ಅಂಗೈ ನೋಡಿಕೊಂಡರು. ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಜವಾನ ಬಂದು ನಮ್ಮ ಹೆಸರು ಕೂಗಿದ. ಅವರದು, ಅದರ ಬೆನ್ನಿಗೇ ನನ್ನದು. ಲಗ್ನಪತ್ರಿಕೆಯಲ್ಲಿ ಅಚ್ಚಾದ ಮೇಲೆ ಆ ಎರಡು ಹೆಸರುಗಳನ್ನು ಈ ಕೋರ್ಟಿನ ಹೊರಗೆ ಯಾರೂ ಹಾಗೆ ಜೋಡಿಸಿ ಹೇಳಿರಲಿಲ್ಲ. ಇಬ್ಬರೂ ಎದ್ದೆವು.